ಗೋಡೆ ಹುಡುಕುತ್ತ ಹೋದ ಉಣ್ಣೆಯ ಚಿತ್ರ

1960ನೇ ಇಸವಿ. ಫ್ರಾನ್ಸಿನ ನಟ್ಟನಡುವಿನ ಓಬ್ಯುಸಾನ್ ಸೀಮೆ. ಕ್ರ್ಯೋಜ್ ನದಿಯ ಬಳಿಯ ಒಂದು ನೇಯ್ಗೆಮನೆಯೊಳಗೆ ಬನ್ನಿ. ಬಾಗಿಲು ದಾಟುತ್ತಿದ್ದಂತೆ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ: ಬಣ್ಣಕ್ಕೆ ಅದ್ದಿ, ತೊಳೆದು, ಒಣಗಿಸಿದ ಮೇಲೂ ಕುರಿಯ ಮೈವಾಸನೆಯನ್ನು ಪೂರ್ತಿ ಬಿಟ್ಟುಕೊಡದ ಉಣ್ಣೆ. ದೊಡ್ಡ ಕಿಟಕಿಗಳಿಂದ ಹಗಲ ಬೆಳಕು ಬೀಳುತ್ತಿದೆ. ಬಣ್ಣದ ಜೊತೆ ಕೆಲಸ ಮಾಡುವವರು ದೀಪದ ಬೆಳಕನ್ನು ನಂಬುವ ಹಾಗಿಲ್ಲ. ಮಗ್ಗದ ಪಕ್ಕದಲ್ಲಿ ಬಣ್ಣಬಣ್ಣದ ನೂಲಿನ ತುಣುಕುಗಳನ್ನು ಪೋಣಿಸಿದ ಒಂದು ಸರ ತೂಗುಬಿದ್ದಿದೆ. ಈ ಚಿತ್ರಕ್ಕೆ ಯಾವ ಬಣ್ಣ, ಯಾವ ನಂಬರು ಎಂಬುದಕ್ಕೆ ಆ ಸರವೇ ಪ್ರಮಾಣ.

ಮಗ್ಗ ಅಡ್ಡಡ್ಡಲಾಗಿ ಮಲಗಿದೆ. ಬೆಂಚಿನ ಮೇಲೆ ಕೂತ ನೇಕಾರ್ತಿ ಮುಂದಕ್ಕೆ ಬಾಗಿ, ಎದೆಯನ್ನು ಮರದ ದಿಂಡಿಗೆ ಆನಿಸಿಕೊಂಡಿದ್ದಾಳೆ. ಅವಳ ಕಣ್ಣ ಕೆಳಗೆ ಹಾಸಿನ ಎಳೆಗಳು ಬಿಗಿಯಾಗಿ ಹರಡಿಕೊಂಡಿವೆ. ಹತ್ತಿಯ ಎಳೆಗಳು, ಬಣ್ಣವಿಲ್ಲದವು, ನೂರಾರು. ಅವುಗಳ ಸಂದಿನಿಂದ ಬಗ್ಗಿ ನೋಡಿದರೆ ಕೆಳಗೆ ಒಂದು ದೊಡ್ಡ ಕಾಗದ ಕಾಣುತ್ತದೆ. ನೇಯಬೇಕಾದ ಚಿತ್ರದ ಪೂರ್ಣ ಅಳತೆಯ ನಕ್ಷೆ ಅದು. ಈ ಕಸುಬಿನವರು ಅದಕ್ಕೆ ಕಾರ್ಟೂನು ಎನ್ನುತ್ತಾರೆ. ನಕ್ಷೆಯಲ್ಲಿ ಎಡ ಬಲ ಅದಲುಬದಲಾಗಿದೆ. ಏಕೆಂದರೆ ಅವಳು ನೇಯುತ್ತಿರುವುದು ಚಿತ್ರದ ಬೆನ್ನನ್ನು. ಮುಖ ನೆಲದ ಕಡೆಗಿದೆ.

ಕಾಲಡಿಯ ಮಣೆಯನ್ನು ಒತ್ತುತ್ತಾಳೆ. ಒಂದು ಬಿಟ್ಟು ಒಂದು ಎಳೆ ಮೇಲೇಳುತ್ತದೆ. ಎಡಗೈ ಬೆರಳುಗಳು ಆ ಎಳೆಗಳನ್ನು ಎತ್ತಿ ಹಿಡಿಯುತ್ತವೆ, ಬಲಗೈ ಉಣ್ಣೆ ಸುತ್ತಿದ ಸಣ್ಣ ಮರದ ಕಂಡಿಕೆಯನ್ನು ಆ ಸಂದಿನಲ್ಲಿ ತೂರಿಸುತ್ತದೆ. ಇನ್ನೊಂದು ಮಣೆ, ಕಂಡಿಕೆ ವಾಪಸು. ಉಗುರಿನಿಂದ ನೂಲನ್ನು ತಳ್ಳಿ, ಆಮೇಲೆ ಬಾಚಣಿಗೆಯಿಂದ ಬಡಿದು ಕೂರಿಸುತ್ತಾಳೆ. ಇಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಹಾರುವುದಿಲ್ಲ. ಪ್ರತಿ ಬಣ್ಣಕ್ಕೂ ಅದರದೇ ಕಂಡಿಕೆ. ಆ ಬಣ್ಣದ ಗಡಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಅದು ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಮಗ್ಗದ ಮೇಲ್ಮೈಯಲ್ಲಿ ಒಂದೇ ಹೊತ್ತಿಗೆ ಹತ್ತಾರು ಕಂಡಿಕೆಗಳು ತಮ್ಮ ನೂಲಿನ ತುದಿಗೆ ಅಂಟಿಕೊಂಡು ತಮ್ಮ ಸರದಿಗೆ ಕಾಯುತ್ತಿವೆ.

ಇನ್ನೂ ಹತ್ತಿರ ಬನ್ನಿ. ಹೆಬ್ಬೆರಳಿಗಿಂತ ದಪ್ಪದ ಒಂದು ಕಪ್ಪು ಗೆರೆ ಅವಳ ಕೈಯಡಿಯಲ್ಲಿ ತಿರುವು ತೆಗೆದುಕೊಳ್ಳುತ್ತಿದೆ. ಕಾಗದದ ಮೇಲೆ ಕುಂಚವನ್ನು ಒಮ್ಮೆ ಹೊರಳಿಸಿದರೆ ಮೂಡುವ ಬಾಗು ಅದು. ನೇಯ್ಗೆಯಲ್ಲಿ ಬಾಗು ಎಂಬುದೇ ಇಲ್ಲ, ಇರುವುದು ಮೆಟ್ಟಿಲು. ಈ ಸಾಲಿನಲ್ಲಿ ಕಪ್ಪು ಒಂದು ಎಳೆ ಮುಂದಕ್ಕೆ, ಮುಂದಿನ ಸಾಲಿನಲ್ಲಿ ಅಲ್ಲೇ, ಅದರ ಮುಂದಿನದರಲ್ಲಿ ಎರಡು ಎಳೆ ಮುಂದಕ್ಕೆ. ಮೆಟ್ಟಿಲುಗಳ ಲೆಕ್ಕ ಸರಿಯಾಗಿ ಬಿದ್ದರೆ ಹತ್ತು ಹೆಜ್ಜೆ ದೂರ ನಿಂತವನಿಗೆ ಅದು ಒಂದೇ ಉಸಿರಿಗೆ ಎಳೆದ ಗೆರೆಯಂತೆ ಕಾಣುತ್ತದೆ. ತಪ್ಪಿದರೆ ಗೆರೆ ಸೊಟ್ಟಗಾಗುತ್ತದೆ, ಬಿಚ್ಚಿ ಮತ್ತೆ ನೇಯಬೇಕು. ಎರಡು ಬಣ್ಣಗಳು ಹಾಸಿನ ಉದ್ದಕ್ಕೇ ಮಗ್ಗುಲಾಗಿ ನಿಂತ ಕಡೆ ನಡುವೆ ಸಣ್ಣ ಸೀಳು ಉಳಿಯುತ್ತದೆ. ಅದನ್ನು ಆಮೇಲೆ ಸೂಜಿ ದಾರ ಹಿಡಿದು ಕೈಯಿಂದಲೇ ಹೊಲಿಯುತ್ತಾರೆ.

ನವಲಗುಂದದ ಜಮಖಾನೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಅಲ್ಲೂ ಹೊಕ್ಕು ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ, ಬಣ್ಣವೆಲ್ಲ ಹೊಕ್ಕಿನದೇ. ಹಾಸು ಒಳಗಿದ್ದು ಮೇಲ್ಮೈಯಲ್ಲಿ ಸಣ್ಣ ಸಣ್ಣ ಏಣುಗಳಾಗಿ ಮಾತ್ರ ತನ್ನ ಇರವನ್ನು ತೋರಿಸುತ್ತದೆ. ಜಮಖಾನೆಯ ಹೆಂಗಸರು ನೇಯುವ ಪಗಡೆಯ ಹಾಸಿಗೂ, ಈ ಮಗ್ಗದ ಮೇಲಿರುವ ಚಿತ್ರದ ಹೆಸರಿಗೂ ಒಂದು ನಂಟು ತಾನಾಗಿಯೇ ಬಿದ್ದಿದೆ. ಈ ಚಿತ್ರದ ಹೆಸರು ‘ದಾಳ ಬಿದ್ದಾಯಿತು’. ಬರೆದವರು ಲೆ ಕಾರ್ಬುಸಿಯೆ. ಆಗ ಅವರಿಗೆ ಎಪ್ಪತ್ತು ದಾಟಿದೆ, ಜಗತ್ತಿನ ಅತ್ಯಂತ ಹೆಸರುವಾಸಿ ವಾಸ್ತುಶಿಲ್ಪಿ. ಅದನ್ನು ಕೇಳಿ ಮಾಡಿಸಿಕೊಂಡವರು ನಲವತ್ತರ ಆಸುಪಾಸಿನ ಒಬ್ಬ ಡೇನಿಶ್ ವಾಸ್ತುಶಿಲ್ಪಿ, ಯೋರ್ನ್ ಉಟ್ಸನ್. ಅವರ ಕೈಯಲ್ಲಿ ಆಗ ಒಂದೇ ಒಂದು ದೊಡ್ಡ ಕಟ್ಟಡ: ಸಿಡ್ನಿ ಒಪೇರಾ ಹೌಸ್.

ಮಗ್ಗದ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ, ಅವಸರ ಮಾಡಬೇಡಿ. ಇಲ್ಲಿ ಯಾರಿಗೂ ಅವಸರವಿಲ್ಲ. ಒಬ್ಬ ನುರಿತ ನೇಕಾರ್ತಿ ತಿಂಗಳಿಗೆ ನೇಯುವುದು ಸುಮಾರು ಒಂದು ಚದರ ಮೀಟರು. ನೇಯ್ದದ್ದೆಲ್ಲ ಎದೆಗೆ ಆನಿಸಿದ ಆ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಮೊನ್ನೆ ನೇಯ್ದ ಭಾಗ ಇವತ್ತು ಕಣ್ಣಿಗೆ ಬೀಳುವುದಿಲ್ಲ. ಅದೂ ಸಾಲದೆಂಬಂತೆ ಚಿತ್ರ ಮಗ್ಗದ ಮೇಲೆ ಸಾಮಾನ್ಯವಾಗಿ ಪಕ್ಕಕ್ಕೆ ಹೊರಳಿರುತ್ತದೆ: ಗೋಡೆಯ ಮೇಲೆ ನೆಟ್ಟಗೆ ನಿಲ್ಲಬೇಕಾದ ಗೆರೆ ಇಲ್ಲಿ ಅಡ್ಡ ಮಲಗಿರುತ್ತದೆ. ನೆಲ ನೋಡುವ ಮುಖ, ಅಡ್ಡಬಿದ್ದ ಆಕೃತಿ, ಒಂದು ಗೇಣಿನಷ್ಟು ಮಾತ್ರ ತೆರೆದ ನೋಟ. ನಡುನಡುವೆ ಅವಳು ಒಂದು ಕನ್ನಡಿ ತುಂಡನ್ನು ಎಳೆಗಳ ಕೆಳಗೆ ತೂರಿಸಿ, ಅದರಲ್ಲಿ ಕಾಣುವ ಮುಖಭಾಗವನ್ನು ನೋಡಿ, ತೃಪ್ತಿಯಾದರೆ ಮತ್ತೆ ಮಣೆ ತುಳಿಯುತ್ತಾಳೆ.

ಈ ಊರಿಗೆ ಈ ಕೈಗುಣ ಬಂದು ಐನೂರು ವರ್ಷದ ಹತ್ತಿರವಾಯಿತು. 1665ರಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಇಲ್ಲಿನ ನೇಯ್ಗೆಗೆ ರಾಜಮುದ್ರೆ ಕೊಡಿಸಿದ. ಆಮೇಲೆ ಒಂದು ಕಾಲ ಬಂತು, ನೇಕಾರರನ್ನು ತೈಲಚಿತ್ರದ ನಕಲು ಮಾಡುವವರನ್ನಾಗಿ ಮಾಡಿಬಿಟ್ಟಿತು. ಕೆನ್ನೆಯ ಒಂದು ನೆರಳಿಗೆ ನೂರಾರು ಛಾಯೆಯ ನೂಲು ಬೇಕಾಯಿತು, ಕೂಲಿ ಏರಿತು, ಕೊಳ್ಳುವವರು ಇಲ್ಲವಾದರು. ಇಪ್ಪತ್ತನೇ ಶತಮಾನದಲ್ಲಿ ಜಾನ್ ಲ್ಯುರ್ಸಾ ಎಂಬ ಚಿತ್ರಕಾರ ಬಂದು ಬಣ್ಣಗಳನ್ನು ಕೆಲವೇ ಕೆಲವಕ್ಕೆ ಇಳಿಸಿದರು, ನೂಲನ್ನು ದಪ್ಪ ಮಾಡಿದರು, ನಕ್ಷೆಯ ಮೇಲೆ ಬಣ್ಣದ ಬದಲು ನಂಬರು ಬರೆದರು. ಮಗ್ಗಗಳು ಉಸಿರಾಡತೊಡಗಿದವು. ಪ್ಯಾರಿಸ್ಸಿನಲ್ಲಿ ಮರಿ ಕ್ಯುತೊಲಿ ಎಂಬ ಗಟ್ಟಿ ಹೆಂಗಸು ಹೊಸ ಕಾಲದ ಚಿತ್ರಕಾರರ ಬೆನ್ನು ಬಿದ್ದು ಅವರಿಂದ ನೇಯ್ಗೆಗೆ ಚಿತ್ರ ಬರೆಸುತ್ತಿದ್ದರು. ಕಾರ್ಬುಸಿಯೆ ತಮ್ಮ ಮೊದಲ ಟ್ಯಾಪೆಸ್ಟ್ರಿಗೆ, ಎಂದರೆ ಇಂಥ ನೇಯ್ಗೆಯ ಪಟಕ್ಕೆ, ಚಿತ್ರ ಕೊಟ್ಟದ್ದು ಆಕೆಗೇ, 1936ರಲ್ಲಿ.

ಅಲ್ಲಿಗೆ ಆ ನಂಟು ನಿಂತಿತ್ತು. ಮತ್ತೆ ಚಿಗುರಿದ್ದು 1948ರ ಹೊತ್ತಿಗೆ, ಓಬ್ಯುಸಾನ್‌ನಲ್ಲಿ ಕಲೆಯ ಮೇಷ್ಟ್ರಾಗಿದ್ದ ಪಿಯೆರ್ ಬೋದ್ವಾನ್ ಸಿಕ್ಕ ಮೇಲೆ. ಕಾರ್ಬುಸಿಯೆ ಬೆಳಗಿನ ಹೊತ್ತು ಚಿತ್ರ ಬರೆಯುತ್ತಿದ್ದರು, ಮಧ್ಯಾಹ್ನದ ಮೇಲೆ ಕಟ್ಟಡದ ಕೆಲಸ. ಬೆಳಗಿನ ಆ ಸಣ್ಣ ಚಿತ್ರಗಳನ್ನು, ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ನಕ್ಷೆಗಳನ್ನು ಬೋದ್ವಾನ್ ಗೋಡೆಯಳತೆಗೆ ಹಿಗ್ಗಿಸಿ, ಯಾವ ಬಣ್ಣಕ್ಕೆ ಯಾವ ಉಣ್ಣೆ ಎಂದು ಆರಿಸಿ, ಮಗ್ಗಕ್ಕೆ ಮುಟ್ಟಿಸುತ್ತಿದ್ದರು. ಕಾರ್ಬುಸಿಯೆಯ ಹೆಸರು ಹೇಳುವಾಗ ಬೋದ್ವಾನ್ ಹೆಸರನ್ನು ನುಂಗಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಗೆರೆ ಒಬ್ಬರದು ನಿಜ. ಆ ಗೆರೆ ಉಣ್ಣೆಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ತೀರ್ಮಾನಿಸಿದ ಕಣ್ಣು ಇನ್ನೊಬ್ಬರದು. ನೇಯ್ದ ಕೈಗಳು ಮತ್ತೂ ಬೇರೆಯವರದು.

ಕೊನೆಗೊಂದು ದಿನ ನೇಯ್ಗೆ ಮುಗಿಯುತ್ತದೆ. ಆ ದಿನವನ್ನು ಇಲ್ಲಿ ಹಬ್ಬದಂತೆ ಆಚರಿಸುವ ರೂಢಿಯಿದೆ. ಎಲ್ಲರೂ ಮಗ್ಗದ ಸುತ್ತ ಸೇರುತ್ತಾರೆ. ಕತ್ತರಿ ಹಾಸಿನ ಎಳೆಗಳ ಮೇಲೆ ಹೋಗುತ್ತದೆ; ತಿಂಗಳುಗಟ್ಟಲೆ ಬಿಗಿದುಕೊಂಡಿದ್ದ ಎಳೆಗಳು ಟಪ್ ಟಪ್ ಎಂದು ಸಡಿಲುತ್ತವೆ. ದಿಂಡು ಬಿಚ್ಚುತ್ತ ಬರುತ್ತದೆ. ನೆಲದ ಮೇಲೆ ಹಾಸುತ್ತಾರೆ, ನಾಲ್ಕು ಜನ ಹಿಡಿದು ತಿರುಗಿಸುತ್ತಾರೆ. ಅಷ್ಟು ದಿನ ಅದರ ಬೆನ್ನನ್ನೇ ನೋಡುತ್ತಿದ್ದವಳು ಮುಖವನ್ನು ಇಡಿಯಾಗಿ ನೋಡುವುದು ಆ ಕ್ಷಣದಲ್ಲಿ.

ಕಟ್ಟಡ ಕಟ್ಟುವವನಿಗೆ ಉಣ್ಣೆಯ ಗೀಳು ಯಾಕೆ ಹತ್ತಿತು? ಕಾರ್ಬುಸಿಯೆ ಇದಕ್ಕೆ ಕೊಟ್ಟ ಕಾರಣ ನೇರವಾದದ್ದು. ಈ ಕಾಲದ ಮನುಷ್ಯ ಬಾಡಿಗೆ ಮನೆಯವನು, ಊರಿಂದೂರಿಗೆ, ಮನೆಯಿಂದ ಮನೆಗೆ ಹೋಗುವವನು. ಗೋಡೆಗೆ ಚಿತ್ರ ಬರೆಸಿದರೆ ಖಾಲಿ ಮಾಡುವಾಗ ಅದನ್ನು ಕಿತ್ತು ಒಯ್ಯಲಾದೀತೇ? ಉಣ್ಣೆಯ ಚಿತ್ರವನ್ನಾದರೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಇದಕ್ಕೆ ಅವರು ಅಲೆಮಾರಿ ಭಿತ್ತಿ ಎಂಬ ಅರ್ಥದ ‘ಮ್ಯುರಾಲ್‌ನೊಮಾಡ್’ ಎಂಬ ಹೆಸರಿಟ್ಟರು. ಜೊತೆಗೊಂದು ಕಟ್ಟುನಿಟ್ಟು: ಇದು ಸೋಫಾದ ಮೇಲೆ ಮೊಳೆ ಹೊಡೆದು ತೂಗುಹಾಕುವ ಪಟವಲ್ಲ, ನೆಲದ ಹತ್ತಿರದಿಂದ ಆಳೆತ್ತರಕ್ಕೆ ನಿಲ್ಲಬೇಕಾದ ಗೋಡೆ. ಅವರು ರೂಪಿಸಿದ ಮಾಡ್ಯುಲಾರ್ ಎಂಬ ಅಳತೆಪಟ್ಟಿಯಲ್ಲಿ 1.83 ಮೀಟರಿನ ಮನುಷ್ಯ ಕೈ ಮೇಲೆತ್ತಿದರೆ ಬೆರಳ ತುದಿ 2.26 ಮೀಟರಿಗೆ ಬರುತ್ತದೆ. ಅವರ ಹಲವು ಟ್ಯಾಪೆಸ್ಟ್ರಿಗಳ ಎತ್ತರ ಹೆಚ್ಚುಕಡಿಮೆ ಅಷ್ಟೇ. ಎದುರು ನಿಂತವನ ಮೈಯನ್ನೆಲ್ಲ ತುಂಬಿಕೊಳ್ಳುವ ಅಳತೆ.

ಈ ವಿಚಾರವನ್ನು ಅದರ ತುತ್ತತುದಿಗೆ ಒಯ್ದದ್ದು ನಮ್ಮ ದೇಶದಲ್ಲಿ. ಓಬ್ಯುಸಾನ್‌ನಿಂದ ಹೊರಬಂದು, ಐದು ವರ್ಷ ಹಿಂದಕ್ಕೆ ಸರಿದು, ಚಂಡೀಗಢಕ್ಕೆ ಬನ್ನಿ. 1955ರ ಮಾರ್ಚ್ 19ರಂದು ನೆಹರೂ ಇಲ್ಲಿ ಕಾರ್ಬುಸಿಯೆ ರೂಪಿಸಿದ ಹೈಕೋರ್ಟ್ ಕಟ್ಟಡವನ್ನು ಉದ್ಘಾಟಿಸಿದರು. ಹೊರಗೆ ಪಂಜಾಬಿನ ಬಿಸಿಲು, ದೂರದಲ್ಲಿ ಶಿವಾಲಿಕ್ ಬೆಟ್ಟಗಳ ನೀಲಿ ಅಂಚು, ಕಟ್ಟಡದ ಮೇಲೆ ಇನ್ನೊಂದು ಚಾವಣಿ ಕೊಡೆ ಹಿಡಿದಿದೆ. ಒಳಗೆ ಬಂದು ಒಂದು ಕೋರ್ಟ್ ಹಾಲಿನಲ್ಲಿ ಕೂರಿ. ಚಾವಣಿ ಎಲ್ಲೋ ಮೇಲಿದೆ. ಗೋಡೆ ಬರಿ ಕಾಂಕ್ರೀಟು. ಇಂಥ ಕೋಣೆಯಲ್ಲಿ ಒಬ್ಬರು ಕೆಮ್ಮಿದರೂ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮತ್ತೆ ಬರುತ್ತದೆ. ವಕೀಲರ ವಾದದ ಒಂದು ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಯ ಮೇಲೆ ಕೂರುತ್ತದೆ. ನ್ಯಾಯಮೂರ್ತಿಗೆ ಮಾತು ಕೇಳಿಸದ ನ್ಯಾಯಾಲಯ ಏನು ಪ್ರಯೋಜನ?

ಅದಕ್ಕೇ ನ್ಯಾಯಮೂರ್ತಿಯ ಬೆನ್ನ ಹಿಂದಿನ ಗೋಡೆಯ ಕಡೆ ನೋಡಿ. ಗೋಡೆಯೇ ಕಾಣುವುದಿಲ್ಲ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಎತ್ತರ, ಅಷ್ಟಕ್ಕೂ ಉಣ್ಣೆ. ಬಣ್ಣದ ದೊಡ್ಡ ದೊಡ್ಡ ಚೌಕಗಳು, ಅವುಗಳ ಮೇಲೆ ಸೂರ್ಯ, ಮೋಡ, ಮಿಂಚು, ಹಾವು, ತಕ್ಕಡಿ, ಹೆಜ್ಜೆಗುರುತು, ಬಳುಕುವ ನದಿ. ಇಂಥವು ಎಂಟು ಹಾಲಿನಲ್ಲಿ ಎಂಟು, ತಲಾ 64 ಚದರ ಮೀಟರು. ಮುಖ್ಯ ನ್ಯಾಯಮೂರ್ತಿಗಳ ಹಾಲಿನದು 144 ಚದರ ಮೀಟರು. ಒಟ್ಟು ಸೇರಿದರೆ 650 ಚದರ ಮೀಟರಿಗೂ ಮೇಲೆ. ನೇಯ್ದವರು ಕಾಶ್ಮೀರದ ಕುಶಲಕರ್ಮಿಗಳು, ಐದು ತಿಂಗಳಲ್ಲಿ. ಉಣ್ಣೆಯ ನಾರುಗಳ ನಡುವೆ ಲಕ್ಷಾಂತರ ಸಣ್ಣ ಗೂಡುಗಳಿರುತ್ತವೆ. ಅದರೊಳಗೆ ಹೊಕ್ಕ ಸದ್ದು ನಾರಿಗೆ ಉಜ್ಜಿ ಉಜ್ಜಿ ದಣಿದು ಶಾಖವಾಗಿ ಕರಗುತ್ತದೆ, ಅದರಲ್ಲೂ ಮೇಲಿನ ಸ್ವರಗಳು. ಚಿತ್ರ ಅಲ್ಲಿ ಕಣ್ಣಿಗೆಷ್ಟೋ ಕಿವಿಗೂ ಅಷ್ಟೇ ಇದೆ.

ಎಲ್ಲರಿಗೂ ಹಿಡಿಸಲಿಲ್ಲ. ಕೆಲವು ನ್ಯಾಯಮೂರ್ತಿಗಳಿಗೆ ಹಾವು, ಮೋಡಗಳ ಮುಂದೆ ಕೂತು ತೀರ್ಪು ಕೊಡುವುದು ಇರುಸುಮುರುಸಾಯಿತು. ತಕರಾರು ಎದ್ದಿತು. ಕಾರ್ಬುಸಿಯೆ ತಮ್ಮ ದೂರನ್ನು ನೆಹರೂವರೆಗೆ ಒಯ್ದರು. ಇಬ್ಬರ ಸಂಕಟವೂ ಅರ್ಥವಾಗುತ್ತದೆ. ಆದರೆ ಕೋಣೆಯ ಸದ್ದಿನ ದೃಷ್ಟಿಯಿಂದ ನೋಡಿದರೆ ವಾಸ್ತುಶಿಲ್ಪಿಯ ಮಾತೇ ಸರಿ. ಉಣ್ಣೆಯನ್ನು ಕಿತ್ತರೆ ಆ ಕೋಣೆಯ ಅರ್ಧ ಕೆಲಸ ನಿಲ್ಲುತ್ತದೆ.

ಈಗ ಉಟ್ಸನ್ ಕಡೆಗೆ. 1957ರ ಜನವರಿಯಲ್ಲಿ, 233 ನಕ್ಷೆಗಳ ನಡುವೆ ಗೆದ್ದಾಗ ಅವರಿಗೆ 38 ವರ್ಷ. ಸಿಡ್ನಿ ಬಂದರಿನ ಬೆನೆಲಾಂಗ್ ಪಾಯಿಂಟ್ ಎಂಬ ನೆಲದ ಚಾಚಿನ ಮೇಲೆ ಬಿಳಿಯ ಚಿಪ್ಪುಗಳ ಸಂಗೀತಮಂದಿರ ಏಳಬೇಕು. ಅಡಿಪಾಯದ ಕೆಲಸ ಶುರುವಾಗುವುದಕ್ಕೂ ಮೊದಲೇ, 1958ರಲ್ಲಿ, ಅವರು ಕಾರ್ಬುಸಿಯೆಗೆ ಕಾಗದ ಬರೆದರು. ಈ ಕಟ್ಟಡದ ಒಳಗೆ ನಿಮ್ಮ ಕೈಯ ಅಲಂಕಾರ, ಚಿತ್ರ, ನೇಯ್ಗೆ ಇರಬೇಕು ಎಂಬುದು ಅದರ ಸಾರ. ಕಟ್ಟಡ ಇನ್ನೂ ಕಾಗದದ ಮೇಲಿರುವಾಗಲೇ ಅದರ ಒಳಗೋಡೆಯ ಬಣ್ಣದ ಚಿಂತೆ ಮಾಡಿದ ಆ ಮನಸ್ಸು ನನಗೆ ಬಹಳ ದೊಡ್ಡದೆನಿಸುತ್ತದೆ. 1960ರಲ್ಲಿ ‘ದಾಳ ಬಿದ್ದಾಯಿತು’ ಸಿದ್ಧವಾಯಿತು. ಅದನ್ನು ತೂಗುಹಾಕಬೇಕಾದ ಗೋಡೆ ಇರಲಿಲ್ಲ. ಸಿಡ್ನಿಯಲ್ಲಿ ಆಗಿನ್ನೂ ಕಟ್ಟೆಯ ಕಾಂಕ್ರೀಟು ಹಾಕುತ್ತಿದ್ದರು.

ಹಾಗಾಗಿ ಅದು ಡೆನ್ಮಾರ್ಕಿನ ಹೆಲೆಬೆಕ್‌ಗೆ, ಉಟ್ಸನ್ ಮನೆಗೆ ಬಂತು. ಆ ಮನೆಯೊಳಗೆ ನಿಂತು ನೋಡಿ. 1952ರ ಹೊತ್ತಿಗೆ ಕಾಡಿನಂಚಿನಲ್ಲಿ ತಮಗಾಗಿ ಕಟ್ಟಿಕೊಂಡದ್ದು. ಉತ್ತರಕ್ಕೆ ಉದ್ದನೆಯ ಹಳದಿ ಇಟ್ಟಿಗೆಯ ಗೋಡೆ, ದಕ್ಷಿಣಕ್ಕೆ ಪೂರ್ತಿ ಗಾಜು. ಕೋಣೆ ಕೋಣೆಯಾಗಿ ಕಡಿದಿಲ್ಲ, ಒಳಗೆಲ್ಲ ಒಂದೇ ಹರವು. ಡೆನ್ಮಾರ್ಕಿನಲ್ಲಿ ಇಂಥ ತೆರೆದ ಹರವಿನ ಮನೆ ಆಗ ಹೊಸದು. ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಹೊರಗೆ ಕತ್ತಲು ಕವಿಯುವ ಸೀಮೆ. ಅಂಥ ಹೊತ್ತಿನಲ್ಲಿ ದೀಪದ ಕೆಳಗೆ ಕಾರ್ಬುಸಿಯೆಯ ದಪ್ಪ ಕಪ್ಪು ಗೆರೆಗಳು, ಗೆರೆಯ ಮಾತು ಕೇಳದೆ ಅದರಾಚೆಗೆ ಹರಡಿಕೊಳ್ಳುವ ಬಣ್ಣದ ಹಾಳೆಗಳು. ಉಟ್ಸನ್ ದಂಪತಿಯ ಮೂವರು ಮಕ್ಕಳೂ ವಾಸ್ತು ಮತ್ತು ಕಲೆಯ ಕಡೆಗೇ ಹೋದರು. ಮಗಳು ಲಿನ್ ಬಟ್ಟೆ, ಪಿಂಗಾಣಿಗಳ ವಿನ್ಯಾಸಕ್ಕೆ ಹೆಸರಾದರು.

1965ರ ಆಗಸ್ಟ್ 27ರಂದು ಕಾರ್ಬುಸಿಯೆ ಮೆಡಿಟರೇನಿಯನ್ ಸಮುದ್ರದಲ್ಲಿ ಈಜಲು ಹೋದವರು ಜೀವಂತ ಮರಳಲಿಲ್ಲ. ಆರು ತಿಂಗಳಲ್ಲಿ, 1966ರ ಫೆಬ್ರವರಿಯ ಕೊನೆಯ ದಿನ, ಉಟ್ಸನ್ ಸಿಡ್ನಿಯ ಕೆಲಸ ಬಿಟ್ಟರು. ಹೊಸ ಸರ್ಕಾರದ ಲೋಕೋಪಯೋಗಿ ಮಂತ್ರಿ ಡೇವಿಸ್ ಹ್ಯೂಸ್ ಜೊತೆ ಜಗಳ, ತಡೆಹಿಡಿದ ಹಣ, ಒಳಾಂಗಣದ ಪ್ಲೈವುಡ್ ಯೋಜನೆಗೆ ಸಿಗದ ಒಪ್ಪಿಗೆ. ಏಪ್ರಿಲ್‌ನಲ್ಲಿ ಸಂಸಾರ ಸಮೇತ ಊರು ಬಿಟ್ಟವರು ಮತ್ತೆಂದೂ ಆಸ್ಟ್ರೇಲಿಯಾಕ್ಕೆ ಕಾಲಿಡಲಿಲ್ಲ. ಚಿಪ್ಪುಗಳ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಸ್ವೀಡಿಶ್ ಹೆಂಚು ಹೊದಿಸಿದ ಆ ಕಟ್ಟಡದ ಒಳಾಂಗಣವನ್ನು ಪೀಟರ್ ಹಾಲ್ ಮತ್ತಿತರರು ಮುಗಿಸಿದರು. 1973ರ ಅಕ್ಟೋಬರ್ 20ರಂದು ಎಲಿಜಬೆತ್ ರಾಣಿ ಬಂದು ಉದ್ಘಾಟಿಸಿದರು. ಆ ದಿನವೂ ಚಿತ್ರ ಡೆನ್ಮಾರ್ಕಿನಲ್ಲೇ ಇತ್ತು.

ವಿಚಿತ್ರವೆಂದರೆ ಆ ಉದ್ಘಾಟನೆಯ ದಿನ ಸಿಡ್ನಿಯ ಆ ಕಟ್ಟಡದಲ್ಲಿ ಓಬ್ಯುಸಾನ್ ಸೀಮೆಯ ನೇಯ್ಗೆ ಇದ್ದೇ ಇತ್ತು. ಆಸ್ಟ್ರೇಲಿಯಾದ ಚಿತ್ರಕಾರ ಜಾನ್ ಕೋಬರ್ನ್ ಬರೆದ ಸೂರ್ಯನ ಪರದೆ, ಚಂದ್ರನ ಪರದೆ ಎಂಬ ಎರಡು ಮಹಾ ಪರದೆಗಳನ್ನು ಪಕ್ಕದ ಫೆಲೆಟಿನ್ ಊರಿನ ಪಿಂತೋನ್ ನೇಯ್ಗೆಮನೆಯಲ್ಲಿ ನೇಯಿಸಿ ರಂಗಮಂದಿರಗಳಿಗೆ ತಂದಿದ್ದರು. ಉಟ್ಸನ್ ಕನಸು ಅವರಿಲ್ಲದೆಯೂ ಬೇರೊಂದು ದಾರಿಯಿಂದ ಒಳಗೆ ಬಂದಿತ್ತು.

2015ರ ಜೂನ್. ಕೋಪನ್‌ಹೇಗನ್‌ನ ಬ್ರೂನ್ ರಾಸ್ಮುಸೆನ್ ಹರಾಜು ಸಂಸ್ಥೆ. ಉಟ್ಸನ್ ತೀರಿಕೊಂಡು ಏಳನೇ ವರ್ಷ. ಅವರ ಕುಟುಂಬದ ಸಂಗ್ರಹ ಮಾರಾಟಕ್ಕೆ ಬಂದಿದೆ, ‘ದಾಳ ಬಿದ್ದಾಯಿತು’ ಅದರಲ್ಲಿದೆ. ಹರಾಜಿಗೆ ಮೊದಲು ವಸ್ತುಗಳನ್ನು ನೋಡಲು ಬಿಡುತ್ತಾರೆ. ಹಾಗೆ ನೋಡಲು ಬಂದವರ ಜೊತೆ ನೀವೂ ನಿಂತಿದ್ದೀರಿ ಎಂದುಕೊಳ್ಳಿ. ಹೊಸಬರು ಟ್ಯಾಪೆಸ್ಟ್ರಿಯ ಮುಖ ನೋಡುತ್ತ ಹಿಂದೆ ಸರಿಯುತ್ತಾರೆ. ಬಲ್ಲವರು ಅಂಚು ಹಿಡಿದು ಬೆನ್ನು ತಿರುಗಿಸುತ್ತಾರೆ. ಅಲ್ಲಿ ಒಂದು ಬಟ್ಟೆಯ ತುಂಡು ಹೊಲಿದಿರಬೇಕು. ಚಿತ್ರದ ಹೆಸರು, ಅಳತೆ, ಎಷ್ಟನೇ ಪ್ರತಿ, ಬರೆದವರ ಸಹಿ ಎಲ್ಲ ಅದರ ಮೇಲಿರುತ್ತದೆ. ಮುಖದ ಮೂಲೆಯಲ್ಲಿ ಸಹಿಯ ಜೊತೆ ನೇಯ್ಗೆಮನೆಯ ಗುರುತನ್ನೂ ನೂಲಿನಲ್ಲೇ ನೇಯ್ದಿರುತ್ತಾರೆ. ಫ್ರಾನ್ಸಿನ ತೆರಿಗೆ ಕಾನೂನಿನ ಪ್ರಕಾರ ಒಂದು ನಕ್ಷೆಯಿಂದ ಎಂಟು ಪ್ರತಿಗಳವರೆಗೆ ಕೈಯಿಂದ ನೇಯ್ದರೆ ಮಾತ್ರ ಅದು ಮೂಲಕೃತಿ, ಒಂಬತ್ತನೆಯದಕ್ಕೆ ಆ ಮಾನವಿಲ್ಲ. ಬೆನ್ನು ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಬೆಳಕು ಮುಖದ ಬಣ್ಣವನ್ನು ವರ್ಷವರ್ಷವೂ ಕುಡಿದಿರುತ್ತದೆ, ಬೆನ್ನಿಗೆ ಬೆಳಕು ತಾಕಿರುವುದಿಲ್ಲ. ಮಗ್ಗದಿಂದ ಇಳಿದ ದಿನ ಆ ಕೆಂಪು ಹೇಗಿತ್ತು ಎಂದು ಹೇಳಬಲ್ಲದ್ದು ಬೆನ್ನು ಮಾತ್ರ.

ಸಿಡ್ನಿ ಒಪೇರಾ ಹೌಸ್‌ನವರು ದಾನಿಗಳಿಂದ ಹಣ ಕೂಡಿಸಿಕೊಂಡು ಈ ಹರಾಜಿಗೆ ಇಳಿದಿದ್ದರು. ಚಿತ್ರ ಅವರದಾಯಿತು, ಕೊಟ್ಟ ಬೆಲೆ ಆಸ್ಟ್ರೇಲಿಯಾದ ಲೆಕ್ಕದಲ್ಲಿ 4 ಲಕ್ಷ ಡಾಲರ್ ದಾಟಿತ್ತು. ಖಾಸಗಿ ಸಂಗ್ರಹಕಾರನೊಬ್ಬ ಅದಕ್ಕಿಂತ ಹೆಚ್ಚು ಕೂಗಿದ್ದರೆ ಅದು ಯಾವುದೋ ಬಂಗಲೆಗೋ, ತೇವ ಬಿಸಿ ಅಳೆದು ಇಟ್ಟ ಉಗ್ರಾಣಕ್ಕೋ ಹೋಗಿಬಿಡುತ್ತಿತ್ತು. ಸಂಗ್ರಹ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಸಂಗ್ರಹಕಾರರು ಇಲ್ಲದಿದ್ದರೆ ಆ ಮಗ್ಗಗಳೇ ಉಳಿಯುತ್ತಿರಲಿಲ್ಲ. ಆದರೆ ಗೋಡೆಯಾಗಲೆಂದು ನೇಯ್ದದ್ದನ್ನು ಸುರುಳಿ ಸುತ್ತಿ, ಬೆಲೆ ಏರಲಿ ಎಂದು ಕತ್ತಲಲ್ಲಿ ಇಡುವುದು ಅದರ ಹುಟ್ಟಿನ ಕಾರಣಕ್ಕೇ ಮಾಡುವ ಅನ್ಯಾಯ.

2016ರ ಮಾರ್ಚ್. ಸಿಡ್ನಿಯಲ್ಲಿ ಬೇಸಿಗೆ ಇಳಿದು ಶರತ್ಕಾಲ ಕಾಲಿಡುವ ಹೊತ್ತು. ಸರ್ಕ್ಯುಲರ್ ಕೀ ಬಂದರಿನಲ್ಲಿ ಫೆರ್ರಿ ಇಳಿದು, ನೀರಿನ ಅಂಚು ಹಿಡಿದು ನಡೆಯಿರಿ. ಎಡಕ್ಕೆ ಹಾರ್ಬರ್ ಬ್ರಿಜ್ಜಿನ ಕಬ್ಬಿಣದ ಕಮಾನು, ಎದುರಿಗೆ ಚಿಪ್ಪುಗಳು. ಪಶ್ಚಿಮದ ಕಡೆಯ ಕಂಬಸಾಲು ದಾಟಿ ಒಳಗೆ ಬಂದರೆ ನಾಟಕಶಾಲೆಗಳ ಹೊರಹಜಾರ. ಅಲ್ಲಿನ ಗೋಡೆಯ ಮೇಲೆ ಅದು ಬಂದು ನಿಂತಿದೆ. ಮಗ್ಗದಿಂದ ಇಳಿದು 56 ವರ್ಷ, ಉಟ್ಸನ್ ಕಾಗದ ಬರೆದು 58 ವರ್ಷ. ನಾಟಕ ನೋಡಲು ಬಂದವರು, ಟಿಕೆಟ್ ವಿಚಾರಿಸುವವರು, ಶಾಲೆಯ ಮಕ್ಕಳು ಅದರ ಮುಂದೆ ಹಾಯುತ್ತಾರೆ. ಹಣ ಕೊಡದೆ, ಹೆಸರು ಬರೆಸದೆ. ಹತ್ತಿರ ಹೋದರೆ ಹಾಸಿನ ಏಣುಗಳು ಕಾಣುತ್ತವೆ, ಕಪ್ಪು ಗೆರೆಯ ಮೆಟ್ಟಿಲುಗಳು ಕಾಣುತ್ತವೆ. ಹಿಂದೆ ಸರಿದರೆ ಮೆಟ್ಟಿಲು ಮಾಯವಾಗಿ ಗೆರೆ ಹರಿಯತೊಡಗುತ್ತದೆ. ಬರೆದವರೂ ನೋಡಲಿಲ್ಲ, ಬರೆಸಿದವರೂ ನೋಡಲಿಲ್ಲ ಈ ಗೋಡೆಯ ಮೇಲೆ.

ಇದೇ ಕಟ್ಟಡದಲ್ಲಿ ಇನ್ನೊಂದು ಕೋಣೆಗೂ ಹೋಗಿ ಬರಬೇಕು. ಮನಸ್ತಾಪ ಮರೆತು 1999ರಲ್ಲಿ ಒಪೇರಾ ಹೌಸ್‌ನವರು ಉಟ್ಸನ್‌ರನ್ನು ಮತ್ತೆ ಕರೆದರು. ಡೆನ್ಮಾರ್ಕ್, ಸ್ಪೇನ್‌ಗಳಲ್ಲಿ ಕೂತೇ ಅವರು ನಕ್ಷೆ ಕಳಿಸಿದರು. 2004ರಲ್ಲಿ ಮುಗಿದ ಉಟ್ಸನ್ ರೂಮ್, ಆ ಕಟ್ಟಡದಲ್ಲಿ ಅವರೇ ಪೂರ್ತಿ ರೂಪಿಸಿದ ಏಕೈಕ ಒಳಾಂಗಣ. ಅದರ ಒಂದು ಗೋಡೆಯ ಉದ್ದಕ್ಕೂ 14 ಮೀಟರಿನ ಟ್ಯಾಪೆಸ್ಟ್ರಿ. ಚಿತ್ರ ಸ್ವತಃ ಉಟ್ಸನ್‌ರದು, ಸಂಗೀತಗಾರ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್‌ಗೆ ಗೌರವವಾಗಿ ಮಾಡಿದ್ದು. ನೇಯ್ದದ್ದು ಮೆಲ್ಬರ್ನ್‌ನ ವಿಕ್ಟೋರಿಯನ್ ಟ್ಯಾಪೆಸ್ಟ್ರಿ ವರ್ಕ್‌ಶಾಪ್. ಅಲ್ಲಿ ಚಿಕ್ಕ ಕಛೇರಿಗಳು ನಡೆಯುತ್ತವೆ. ಪಿಟೀಲಿನ ಸ್ವರ ಕಾಂಕ್ರೀಟಿಗೆ ಬಡಿದು ಚೂಪಾಗದಂತೆ ಆ ಉಣ್ಣೆ ನೋಡಿಕೊಳ್ಳುತ್ತದೆ. ಚಂಡೀಗಢದ ಕೋರ್ಟ್ ಹಾಲಿನಲ್ಲಿ ಕಾಶ್ಮೀರದ ಉಣ್ಣೆ ವಹಿಸಿಕೊಂಡ ಕೆಲಸವೇ ಇಲ್ಲೂ.

ಸಿಡ್ನಿಯವರು ತಮ್ಮದನ್ನು ಹಣ ಕೊಟ್ಟು, ಹುಡುಕಿ ವಾಪಸು ತಂದರು. ನಮ್ಮದು ಕಳೆದ ಎಪ್ಪತ್ತು ವರ್ಷಗಳಿಂದ ನಮ್ಮಲ್ಲೇ ಇದೆ. ಅದೇ ಚಂಡೀಗಢದ ಕಚೇರಿಗಳ ಕುರ್ಚಿ ಮೇಜುಗಳು ಗುಜರಿಯ ರೇಟಿಗೆ ಹೊರಬಿದ್ದು, ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬಾಳುವುದನ್ನು ಕಂಡ ಮೇಲೆ 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟಕ್ಕೆ ತಡೆ ಹಾಕಿತು. 2016ರಲ್ಲಿ ಯುನೆಸ್ಕೊ ಈ ಹೈಕೋರ್ಟೂ ಸೇರಿದ ಕ್ಯಾಪಿಟಲ್ ಕಾಂಪ್ಲೆಕ್ಸನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದರೆ ಉಣ್ಣೆ ತಾನಾಗಿ ಉಳಿಯುವುದಿಲ್ಲ. ನುಸಿಯ ಮರಿಗಳಿಗೆ ಅದು ಊಟ, ಬಿಸಿಲಿಗೆ ಬಣ್ಣ ಬಿಡುತ್ತದೆ, ದೂಳು ಎಳೆಯ ಬುಡಕ್ಕಿಳಿದು ಅದನ್ನು ಸವೆಸುತ್ತದೆ. ಅದಕ್ಕೆ ಬೇಕಿರುವುದು ನುರಿತ ಕೈಗಳು, ಹದವಾದ ಬೆಳಕು, ಪ್ರತಿವರ್ಷ ತಪ್ಪದ ತಪಾಸಣೆ, ಅದಕ್ಕೆಂದೇ ಎತ್ತಿಟ್ಟ ಹಣ. ಚಂಡೀಗಢಕ್ಕೆ ಹೋದವರು ರಾಕ್ ಗಾರ್ಡನ್ ನೋಡಿ ಬಸ್ಸು ಹತ್ತಬೇಡಿ. ಗುರುತಿನ ಚೀಟಿ ಜೊತೆಗಿಟ್ಟುಕೊಂಡು ಕ್ಯಾಪಿಟಲ್ ಕಾಂಪ್ಲೆಕ್ಸ್ ತೋರಿಸುವ ತಂಡಕ್ಕೆ ಹೆಸರು ಕೊಡಿ. ಕೋರ್ಟ್ ಹಾಲಿನೊಳಗೆ ಬಿಟ್ಟರೆ ನ್ಯಾಯಮೂರ್ತಿಯ ಹಿಂದಿನ ಗೋಡೆಯನ್ನು ನೋಡಿ, ಅದರ ಆರೈಕೆ ಹೇಗೆ ನಡೆದಿದೆ ಎಂದು ಕೇಳಿ.